ಏನು ಹಾಕ್ಕೊಂಡಿದ್ಲು?

ಮಾರ್ಚ್ 4, ಸೋಮವಾರ

ಪೊಲೀಸಿನವನು ಪೆನ್ನಿನ ಮುಚ್ಚಳ ತೆಗೆದು ಕೇಳಿದ ಮೊದಲ ಪ್ರಶ್ನೆ: "ಏನು ಹಾಕ್ಕೊಂಡಿದ್ರು?"

ಒಡವೆ ಏನಾದರೂ ಕಳೆದಿದೆಯಾ ಅಂತ ಕೇಳುತ್ತಿದ್ದಾನೆ ಅಂದುಕೊಂಡೆ. "ಕೈಯಲ್ಲಿ ವಾಚು ಇತ್ತು, ಅಷ್ಟೇ" ಅಂದೆ.

"ಅಲ್ಲ ಮೇಡಂ, ಬಟ್ಟೆ. ಬಟ್ಟೆ ಯಾವ ಬಣ್ಣದ್ದು?"

ಒಳಗೆ ನನ್ನ ತಂಗಿ ತೊಡೆಯ ಮೂಳೆ ಮುರಿದುಕೊಂಡು ಮಲಗಿದ್ದಾಳೆ. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ, ನನ್ನನ್ನು ಅಮ್ಮ ಅಂತ ಕರೆಯುತ್ತಿದ್ದಾಳೆ. ಹೊರಗೆ ಇವನಿಗೆ ಬಣ್ಣ ಬೇಕು. ಬೂದಿ ಬಣ್ಣದ ಸ್ವೆಟರ್, ಕಪ್ಪು ಪ್ಯಾಂಟು ಅಂತ ಹೇಳಿದೆ. "ಹೂಂ" ಅಂತ ತಲೆ ಆಡಿಸಿ ಬರೆದುಕೊಂಡ. ಆ "ಹೂಂ" ಇನ್ನೂ ಕಿವಿಯಲ್ಲಿದೆ. ಕಳ್ಳನ ಜೇಬಿನಲ್ಲಿ ಮಾಲು ಸಿಕ್ಕಿದಾಗ ಹೇಳುವ "ಹೂಂ" ಅದು.

ತಲೆ ಮೇಲೆ ಬಿಳಿ ಹೆಲ್ಮೆಟ್ ಇತ್ತು. ಅದನ್ನು ಬರೆದುಕೊಳ್ಳಲಿಲ್ಲ.

ಆಗಿದ್ದು ಇಷ್ಟು. ಇವಳು ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ಹೋಗುತ್ತಾಳೆ, ಕೆಲಸಕ್ಕೆ ಸೇರಿದಾಗಿನಿಂದಲೂ. ಪೆಟ್ರೋಲ್ ಬಂಕಿನ ಹತ್ತಿರ ಹಿಂದಿನಿಂದ ಬಂದ ಕಾರು ಇವಳನ್ನು ದಾಟಿ, ಇವಳ ಮುಂದೆಯೇ ಗಕ್ಕನೆ ತಿರುಗಿ ಬಂಕಿಗೆ ನುಗ್ಗಿದೆ. ನೇರ ರಸ್ತೆ. ಚೆನ್ನಾಗಿ ಬೆಳಕಾಗಿತ್ತು.

ಕಾರಿನವನು ಮಧ್ಯಾಹ್ನ ಆಸ್ಪತ್ರೆಗೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ. "ನಿಜವಾಗ್ಲೂ ಕಾಣಲಿಲ್ಲ ಮೇಡಂ, ದೇವರಾಣೆ ಕಾಣಲಿಲ್ಲ" ಅಂದ. ಕೆನ್ನೆಗೆ ಬಾರಿಸುವಷ್ಟು ಹತ್ತಿರ ನಿಂತಿದ್ದ. ಬಾರಿಸಲಿಲ್ಲ. ಯಾಕೆ ಬಾರಿಸಲಿಲ್ಲ ಅಂತ ಈಗ ನನ್ನ ಮೇಲೇ ಸಿಟ್ಟು.

ಮಾರ್ಚ್ 6, ಬುಧವಾರ

ಆಪರೇಷನ್ ಆಯಿತು. ಕಾಲಿನೊಳಗೆ ಕಂಬಿ ಹಾಕಿದ್ದಾರೆ.

ಅವಳ ಬಟ್ಟೆಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಸ್ವೆಟರನ್ನು ಕತ್ತರಿಯಿಂದ ಎದೆಯುದ್ದಕ್ಕೂ ಸೀಳಿದ್ದಾರೆ. ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಕೆಳಮನೆಯಾಕೆ ಬಾಗಿಲು ತೆರೆದು ನಿಂತಿದ್ದಳು. ಪಾಪ, ಅಯ್ಯೋ, ಎಲ್ಲ ಆಯಿತು. ಆಮೇಲೆ ಧ್ವನಿ ತಗ್ಗಿಸಿ, "ಆ ಹೊಳೆಯೋ ಜಾಕೆಟ್ಟು ಬರುತ್ತಲ್ಲ, ಅದು ಹಾಕ್ಕೊಂಡಿರಲಿಲ್ವಾ?"

"ನಿಮ್ಮನೆ ಗೋಡೆಗೆ ಮೊನ್ನೆ ನಿಮ್ಮ ಯಜಮಾನ್ರು ಸ್ಕೂಟರ್ ಗುದ್ದಿದ್ರಲ್ಲ, ಗೋಡೆ ಏನು ಹಾಕ್ಕೊಂಡಿತ್ತು?" ಅಂದೆ.

ಬಾಗಿಲು ಹಾಕಿಕೊಂಡಳು. ಹಾಕಿಕೊಳ್ಳಲಿ.

ಮಾರ್ಚ್ 10, ಭಾನುವಾರ

ಇವತ್ತು ಸರಿಯಾಗಿ ಮಾತಾಡಿದಳು. ಮೊದಲು ಕೇಳಿದ್ದು ವಾರ್ಡಿನ ಮಕ್ಕಳ ಬಗ್ಗೆ. ಆಮೇಲೆ ಸೈಕಲ್ಲಿನ ಬಗ್ಗೆ.

"ಹ್ಯಾಂಡಲ್ ಸೊಟ್ಟಗಾಗಿದೆಯಾ?"

"ನಿನ್ನ ಕಾಲು ಸೊಟ್ಟಗಾಗಿದೆ, ಅದನ್ನ ನೋಡ್ಕೋ."

"ಕಾಲಿಗೆ ಕಂಬಿ ಹಾಕಿದಾರಲ್ಲ. ಹ್ಯಾಂಡಲಿಗೆ ಯಾರು ಹಾಕ್ತಾರೆ?"

ನಕ್ಕಳು. ನಕ್ಕು ನೋವಾಗಿ ಹಲ್ಲು ಕಚ್ಚಿದಳು. ನನಗೆ ನಗು ಬರಲಿಲ್ಲ. ಪೊಲೀಸಿನವನು ಕಾಗದದಲ್ಲಿ "ಗಾಢ ಬಣ್ಣದ ಉಡುಪು" ಅಂತ ಬರೆದು ಅಡಿಗೆರೆ ಎಳೆದಿದ್ದಾನೆ ಅಂತ ಹೇಳಿದೆ. "ನಮ್ಮ ವಾರ್ಡಿನಲ್ಲಿ ಪಾಳಿಗೆ ಬರೋ ಎಲ್ಲರೂ ಹಾಗೇ ಹಾಕ್ಕೋತಾರೆ ಕಣೆ. ಕೆಲಸಕ್ಕೆ ಹೋಗೋ ಬಟ್ಟೆ ಅದು, ಸರ್ಕಸ್ಸಿನ ಬಟ್ಟೆ ಅಲ್ಲ" ಅಂದಳು. ಅಷ್ಟು ಹೇಳಿ ನಿದ್ದೆ ಹೋದಳು. ಅವಳಿಗೆ ಸಿಟ್ಟೇ ಬರುವುದಿಲ್ಲ. ಅವಳ ಪಾಲಿನದ್ದನ್ನೂ ನಾನೇ ಹೊತ್ತುಕೊಳ್ಳಬೇಕು.

ಮಾರ್ಚ್ 19, ಮಂಗಳವಾರ

ಕಾರಿನವನ ಕಣ್ಣು ಪರೀಕ್ಷೆ ಮಾಡಿಸಿ ಅಂತ ಸ್ಟೇಷನ್ನಿಗೆ ಹೋಗಿ ಕೂತು ಹಟ ಹಿಡಿದಿದ್ದೆ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಇದು ಕಾಣುತ್ತಾ, ಅದು ಕಾಣುತ್ತಾ ಅಂತ ಕೇಳುವುದೇ ನನ್ನ ಕೆಲಸ. ಹಗಲು ಹೊತ್ತಿನಲ್ಲಿ, ನೇರ ರಸ್ತೆಯಲ್ಲಿ, ಆಳೆತ್ತರದ ಹೆಂಗಸು ಕಾಣಲಿಲ್ಲ ಅಂದರೆ ಕಣ್ಣಲ್ಲಿ ಪೊರೆ ಇರಬೇಕು, ಇಲ್ಲವೇ ಪಕ್ಕದ ದೃಷ್ಟಿ ಹೋಗಿರಬೇಕು ಅಂತ ಲೆಕ್ಕ ಹಾಕಿದ್ದೆ. ನಿಜ ಹೇಳಬೇಕೆಂದರೆ, ಹಾಗಿರಲಿ ಅಂತ ಆಸೆಪಟ್ಟಿದ್ದೆ.

ಇವತ್ತು ಫಲಿತಾಂಶ ಬಂತು. ಎರಡೂ ಕಣ್ಣು ಚೊಕ್ಕ. ಕನ್ನಡಕವೂ ಬೇಡ.

ಪೊಲೀಸಿನವನು ಒಳ್ಳೆಯ ಸುದ್ದಿ ಹೇಳುವವನ ಹಾಗೆ ಹೇಳಿದ. "ನೋಡಿ ಮೇಡಂ, ಅವರದ್ದೇನೂ ದೋಷ ಇಲ್ಲ. ಹಾಗಾಗಿ ಬಟ್ಟೆದೇ ಪ್ರಶ್ನೆ ಬರುತ್ತೆ."

ಪಿತ್ತ ನೆತ್ತಿಗೇರಿತು. ಕಣ್ಣು ಚೆನ್ನಾಗಿದ್ದೂ ಕಾಣಲಿಲ್ಲ ಅಂದರೆ ತಪ್ಪು ಇನ್ನೂ ದೊಡ್ಡದಲ್ಲವಾ? ಇದನ್ನು ಅಲ್ಲೇ ಹೇಳಬೇಕಿತ್ತು. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಮಾರ್ಚ್ 30, ಶನಿವಾರ

ಮನೆಗೆ ಕರೆತಂದೆವು. ನನ್ನ ಕೋಣೆ ಅವಳಿಗೆ ಕೊಟ್ಟಿದ್ದೇನೆ, ಬಚ್ಚಲು ಹತ್ತಿರ ಅಂತ. ನಾನು ಅಮ್ಮನ ಪಕ್ಕ. ಅಮ್ಮ ಗೊರಕೆ ಹೊಡೆಯುತ್ತಾಳೆ, ಕೇಳಿದರೆ "ಅದು ನೀನೇ" ಅನ್ನುತ್ತಾಳೆ.

ಏಪ್ರಿಲ್ 14, ಭಾನುವಾರ

ತಂಗಿಯ ಸೈಕಲ್ ಗುಂಪಿನ ಹಿರಿಯರೊಬ್ಬರು ಬಂದಿದ್ದರು. ಹಲ್ಲಿನ ಡಾಕ್ಟರು. ರಜೆಯ ದಿನಗಳಲ್ಲಿ ಇವರೆಲ್ಲ ಊರಾಚೆ ಬೆಟ್ಟದ ತನಕ ಹೋಗಿಬರುವವರು, ಇವಳೂ ಆಗಾಗ ಹೋಗುತ್ತಿದ್ದಳು. ಅವರು ಸೀದಾ ಅಲ್ಲಿಂದಲೇ ಬಂದಿದ್ದರು, ಅದೇ ವೇಷದಲ್ಲಿ.

ಮೈಗೆ ಅಂಟಿದ ಅಂಗಿ, ಕಣ್ಣು ಕುಕ್ಕುವ ಹಳದಿ. ಬೆನ್ನಿನ ಮೇಲೆ ಜೇಬುಗಳು, ಜೇಬಿನಲ್ಲಿ ಬಾಳೆಹಣ್ಣು. ಮಂಡಿಯ ತನಕ ಬಿಗಿ ಚಡ್ಡಿ, ಕೂರುವ ಜಾಗದಲ್ಲಿ ದಿಂಬಿಟ್ಟು ಹೊಲಿದದ್ದು. ಬೂಟಿನ ತಳದಲ್ಲಿ ಲೋಹ, ನಡೆದರೆ ಕುದುರೆ ಬಂದ ಹಾಗೆ ಟಕ್ ಟಕ್. ಅಮ್ಮ ಒಂದು ಸಲ ನೋಡಿ ಒಳಗೆ ಹೋಗಿ ಟವೆಲ್ ತಂದು ಅವರ ತೊಡೆಯ ಮೇಲೆ ಹೊದಿಸಿದಳು.

"ಚಳಿ ಇಲ್ಲ ಅಮ್ಮ," ಅಂದರು ಡಾಕ್ಟರು.

"ನಿಮಗಿಲ್ಲದೆ ಇರಬಹುದು," ಅಂದಳು ಅಮ್ಮ. "ನಮಗೆ ಕೂತು ಮಾತಾಡಬೇಕಲ್ಲ."

ತಂಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅಪಘಾತ ಆದ ಮೇಲೆ ಅಷ್ಟು ನಕ್ಕಿರಲಿಲ್ಲ.

ಡಾಕ್ಟರು ಒಳ್ಳೆಯವರು. ಅವರಿಗೂ ಹಿಂದೊಮ್ಮೆ ವ್ಯಾನು ಗುದ್ದಿ ಭುಜ ಮುರಿದಿತ್ತಂತೆ. "ಆಗಲೂ ಇದೇ ಹಳದಿ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ. ನನ್ನ ಹೊಡೆದವನೂ ಕಾಣಲಿಲ್ಲ ಅಂದ. ಚೆನ್ನಾಗಿ ಕಾಣಲಿ ಅಂತ ಹಾಕ್ಕೋತೀವಿ, ಬೇಡ ಅನ್ನಲ್ಲ. ಆದ್ರೆ ಅದೇನು ಕವಚ ಅಲ್ಲ" ಅಂದರು. ಬೇಕಾದರೆ ವಿಚಾರಣೆಯಲ್ಲಿ ಬಂದು ಹೇಳುತ್ತೇನೆ ಅಂತಲೂ ಅಂದರು.

ಹೊರಡುವಾಗ ಮೆಟ್ಟಿಲ ತನಕ ಹೋಗಿ, ಆ ಹಳದಿ ಅಂಗಿ ಎಲ್ಲಿ ಸಿಗುತ್ತೆ ಅಂತ ಕೇಳಿ ಅಂಗಡಿಯ ವಿಳಾಸ ತೆಗೆದುಕೊಂಡೆ.

ಏಪ್ರಿಲ್ 20, ಶನಿವಾರ

ಹಳದಿ ಜಾಕೆಟ್ ತಂದೆ. ಎದೆಗೂ ಬೆನ್ನಿಗೂ ಬೆಳ್ಳಿ ಪಟ್ಟಿ. ಕಾಲಿಗೆ ಕಟ್ಟುವ ಪಟ್ಟಿ, ಕೈಗವಸು, ಹೊಸ ಹೆಲ್ಮೆಟ್, ಹೆಲ್ಮೆಟ್ಟಿನ ಹಿಂದೆ ಮಿಣುಕುವ ದೀಪ. ಸುಮ್ಮನೆ ಇರಲಿ ಅಂತ. ತಪ್ಪು ಅವಳದ್ದು ಅಂತಲ್ಲ.

ತಂಗಿ "ಥ್ಯಾಂಕ್ಸ್ ಕಣೆ" ಅಂದು ಕುರ್ಚಿಯ ಬೆನ್ನಿಗೆ ನೇತುಹಾಕಿದಳು. ಹಾಕಿ ನೋಡು ಅಂದೆ. ಆಮೇಲೆ ಅಂದಳು. ಈಗಲೇ ಹಾಕಿ ನೋಡು ಅಂದೆ. "ಮಂಚದ ಮೇಲೆ ಯಾರು ಗುದ್ದುತ್ತಾರೆ?" ಅಂದಳು. ಎಲ್ಲದಕ್ಕೂ ತಮಾಷೆ.

ಮೇ 5, ಭಾನುವಾರ

ಊರುಗೋಲು ಬಿಟ್ಟು ಕೋಲು ಹಿಡಿದಿದ್ದಾಳೆ. ಸೈಕಲ್ ರಿಪೇರಿಗೆ ಕೊಟ್ಟಿದ್ದಾಳಂತೆ, ನನಗೆ ಹೇಳದೆ. ಹಲ್ಲಿನ ಡಾಕ್ಟರೇ ಬಂದು ಒಯ್ದರಂತೆ. ಸಿಟ್ಟು ತಡೆಯಲಾಗದೆ ನಡೆದುಬರೋಣ ಅಂತ ಹೊರಗೆ ಹೋದೆ.

ಬೀದಿಯ ತಿರುವಿನಲ್ಲಿ ಒಬ್ಬ ಹೆಂಗಸು ಸೈಕಲ್ ತುಳಿಯುತ್ತಾ ಬಂದಳು. ಕಪ್ಪು ಕೋಟು, ಕಪ್ಪು ಟೋಪಿ, ಕಾಲಲ್ಲಿ ಬರೀ ಚಪ್ಪಲಿ, ಮುಂದಿನ ಬುಟ್ಟಿಯಲ್ಲಿ ಬ್ರೆಡ್ಡು. ನನಗೆ ಏನಾಯಿತೋ ಗೊತ್ತಿಲ್ಲ, ಗಂಟಲು ಹರಿಯುವ ಹಾಗೆ ಕೂಗಿದೆ: "ರೀ! ಹೀಗೆ ಹಾಕ್ಕೊಂಡು ಓಡಾಡ್ತೀರಲ್ಲ, ಯಾರಿಗೂ ಕಾಣಲ್ಲ ರೀ ನೀವು!"

ಅವಳು ಬ್ರೇಕ್ ಹಾಕಿ ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮಗೆ ಕಂಡೆ ಅಲ್ವಾ?" ಅಂದು ಹೊರಟುಹೋದಳು.

ಎಂಥಾ ಉದ್ಧಟತನ! ಒಳ್ಳೆಯದಕ್ಕೆ ಹೇಳಿದರೆ ಮುಖಕ್ಕೆ ಹೊಡೆದ ಹಾಗೆ ಮಾತು. ಇಂಥವರಿಂದಲೇ ಎಲ್ಲರಿಗೂ ಕೆಟ್ಟ ಹೆಸರು.

ಮೇ 13, ಸೋಮವಾರ

ಹಳದಿ ಪ್ಯಾಂಟು ಸಿಕ್ಕಿತು. ತಂದೆ.

ಮೇ 22, ಬುಧವಾರ

ಕಾರಿನವನ ವಿಮಾ ಕಂಪನಿಯ ತನಿಖೆಯವಳು ಮನೆಗೆ ಬಂದಿದ್ದಳು. ಮೃದು ಮಾತು, ಕೈಯಲ್ಲಿ ರೆಕಾರ್ಡರು. ತಪ್ಪು ತಂಗಿಯದ್ದೂ ಇತ್ತು ಅಂತಾದರೆ ಕಾರಿನವನ ಮೇಲಿನ ಕೇಸು ಅಲ್ಲಿಗೇ ಬಿದ್ದುಹೋಗುತ್ತೆ ಅಂತ ನಮ್ಮ ವಕೀಲರು ಮೊದಲೇ ಎಚ್ಚರಿಸಿದ್ದರು. ಹಾಗಾಗಿ ತುಟಿ ಬಿಗಿಹಿಡಿದೇ ಕೂತಿದ್ದೆ. ಕುರ್ಚಿಯ ಮೇಲಿದ್ದ ಜಾಕೆಟ್ಟು, ಪ್ಯಾಂಟು, ಪಟ್ಟಿಗಳ ರಾಶಿಯನ್ನು ಅವಳು ನೋಡಿದಳು.

"ಇವೆಲ್ಲ ಇಟ್ಟುಕೊಂಡೂ ನಿಮ್ಮ ತಂಗಿ ಹಾಕ್ಕೋತಿರಲಿಲ್ವಾ?"

ಅಷ್ಟೇ ಕೇಳಿದ್ದು. ಬೆಳಗ್ಗೆ ತಾನೇ ಈ ಪ್ಯಾಂಟಿನ ವಿಷಯಕ್ಕೆ ತಂಗಿಯ ಜೊತೆ ಜಗಳ ಆಗಿತ್ತು. ಆ ಸಿಟ್ಟೇ ಬಾಯಿಗೆ ಬಂತು.

"ಹೇಳಿದ್ರೆ ಕೇಳಬೇಕಲ್ಲ! ಎಷ್ಟು ಸಲ ಹೇಳಿದೀನಿ ಇವಳಿಗೆ, ಎಷ್ಟು ಸಲ! ಕಲ್ಲಿಗಾದ್ರೂ ಅರ್ಥ ಆಗ್ತಿತ್ತು!"

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಅವಳು ಮೆಲ್ಲಗೆ "ಸರಿ ಮೇಡಂ" ಅಂದಳು. ಪೊಲೀಸಿನವನ "ಹೂಂ"ಗಿಂತ ಇದು ಕೆಟ್ಟದ್ದು.

ತಿರುಗಿ ನೋಡಿದರೆ ತಂಗಿ ಕೋಣೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು.

ಆ ಹೆಂಗಸು ಬೇಕೆಂದೇ ಕೆದಕಿದಳು. ಅವರಿಗೆ ಅದೇ ಉದ್ಯೋಗ. ಮಾತು ಹೇಗೆ ತಿರುಚುತ್ತಾರೆ!

ಮೇ 23, ಗುರುವಾರ

ಮಾತಾಡುತ್ತಿಲ್ಲ.

ಮೇ 24, ಶುಕ್ರವಾರ

ನಾನೂ ಮಾತಾಡುವುದಿಲ್ಲ.

ಮೇ 26, ಭಾನುವಾರ

ಅಮ್ಮ ಆ ಹಳದಿ ಜಾಕೆಟ್ ಹಾಕಿಕೊಂಡು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಏನಮ್ಮ ಇದು ಅಂದರೆ, "ಜೇಬು ಜಾಸ್ತಿ ಇದೆ ಕಣೆ. ಒಂದರಲ್ಲಿ ಕ್ಲಿಪ್ಪು, ಒಂದರಲ್ಲಿ ಮಾತ್ರೆ, ಒಂದರಲ್ಲಿ ಕನ್ನಡಕ" ಅಂದಳು. ಕೆಳಬೀದಿಯಲ್ಲಿ ಹೋಗುವವರೆಲ್ಲ ತಲೆ ಎತ್ತಿ ನೋಡುತ್ತಿದ್ದರು.

ತಂಗಿ ನಕ್ಕಳು, ನಾನೂ ನಕ್ಕೆ. ಆಮೇಲೆ ಇಬ್ಬರಿಗೂ ಮಾತು ಬಿಟ್ಟಿದ್ದೇವೆ ಅನ್ನುವುದು ನೆನಪಾಯಿತು. ಅಮ್ಮ ಒಳಗೆ ಹೋದ ಮೇಲೆ ಅವಳೇ ಶುರು ಮಾಡಿದಳು.

"ಹೆಲ್ಮೆಟ್ ಹಾಕ್ಕೋತೀನಿ. ಅದು ನನ್ನ ತಲೆ, ಅದರ ಬೆಲೆ ನನಗೆ ಗೊತ್ತು. ದೀಪ ಹಾಕ್ಕೋತೀನಿ. ಮಿಕ್ಕಿದ್ದೆಲ್ಲ ನಿನ್ನ ಹೆದರಿಕೆ ಕಣೆ. ಅದನ್ನ ನಾನು ಮೈಮೇಲೆ ಹಾಕ್ಕೊಂಡು ಓಡಾಡಕ್ಕಾಗಲ್ಲ."

"ನಿನಗೆ ಏನಾದ್ರೂ ಆದ್ರೆ?"

"ಆಗಿದೆಯಲ್ಲ. ಆದಾಗ ನಾನು ಏನು ಹಾಕ್ಕೊಂಡಿದ್ದೆ ಅಂತ ಕೇಳದೆ ಇದ್ದವಳು ನೀನೊಬ್ಬಳೇ. ಆಸ್ಪತ್ರೆಯಲ್ಲಿ ನನಗೆ ಅದೊಂದೇ ಸಮಾಧಾನ ಇತ್ತು." ಕೋಲನ್ನು ಗೋಡೆಗೆ ಒರಗಿಸಿ, "ಎಷ್ಟು ಸಲ ಹೇಳಿದ್ದೆ ನೀನು? ಗುದ್ದೋ ಮುಂಚೆ? ಒಂದು ಸಲ ನೆನಪು ಮಾಡ್ಕೊಂಡು ಹೇಳು ನೋಡೋಣ" ಅಂದಳು.

ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ.

ಜೂನ್ 3, ಸೋಮವಾರ

ಅಂಗಡಿಯಲ್ಲಿ ಎರಡು ಫ್ರೇಮು ಮುರಿದೆ. ಯಜಮಾನರು ರಜೆ ತಗೊಳ್ಳಿ ಅಂದರು. ಬುಧವಾರ ಹೇಗೂ ತೆಗೆದುಕೊಳ್ಳಬೇಕು, ತಪ್ಪು ಯಾರದ್ದು ಅಂತ ತೀರ್ಮಾನಿಸುವ ವಿಚಾರಣೆ.

ಜೂನ್ 5, ಬುಧವಾರ

ಎಲ್ಲ ಬರೆದುಬಿಡಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಕೋರ್ಟಿನ ಹಾಗಿರಲಿಲ್ಲ. ಉದ್ದ ಮೇಜು, ನೀರಿನ ಬಾಟಲಿಗಳು, ಹಳೆಯ ಫ್ಯಾನು. ವಿಚಾರಣಾಧಿಕಾರಿ ವಯಸ್ಸಾದ ಹೆಂಗಸು, ನೆಗಡಿಯಾಗಿತ್ತು, ಮಾತಿಗೊಂದು ಸಲ ಮೂಗು ಒರೆಸುತ್ತಿದ್ದರು. ಎದುರು ಬದಿಯಲ್ಲಿ ಕಾರಿನವನು, ಅವನ ವಕೀಲ. ಈ ಬದಿಯಲ್ಲಿ ತಂಗಿ, ನಾನು, ಪ್ಯಾಂಟು ಶರಟಿನಲ್ಲಿ ಗುರುತೇ ಸಿಗದ ಹಲ್ಲಿನ ಡಾಕ್ಟರು, ನಮ್ಮ ವಕೀಲರು.

ಡಾಕ್ಟರು ತಮ್ಮ ಭುಜದ ಕತೆ ಹೇಳಿದರು. ಕಾರಿನವನ ವಕೀಲ, "ಅದು ಬೇರೆ ಅಪಘಾತ" ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಿದ. ತಂಗಿಯನ್ನು ಬೂದಿ ಬಣ್ಣ ಯಾಕೆ, ಕಪ್ಪು ಯಾಕೆ ಅಂತ ಕೇಳಿದ, ಜೀರುಂಡೆಯ ಹಾಗೆ ಒಂದೇ ಶ್ರುತಿಯಲ್ಲಿ. ಅವಳು ಕೆಲಸದ ಬಟ್ಟೆ, ಕೆಲಸದ ಬಟ್ಟೆ ಅನ್ನುತ್ತಲೇ ಇದ್ದಳು. ಆಮೇಲೆ ಅವನು ನನ್ನ ಧ್ವನಿ ಹಾಕಿದ.

ಎಷ್ಟು ಸಲ ಹೇಳಿದೀನಿ ಇವಳಿಗೆ, ಎಷ್ಟು ಸಲ!

ಯಂತ್ರದೊಳಗಿಂದ ಬಂದ ನನ್ನ ಧ್ವನಿ ಕೆಳಮನೆಯಾಕೆಯ ಧ್ವನಿಯ ಹಾಗೇ ಇತ್ತು. ಒಂದು ಕ್ಷಣ ಅವಳೇ ಅಂದುಕೊಂಡೆ.

"ಇದು ನಿಮ್ಮ ಮಾತೇ?" ಅಂತ ಕೇಳಿದರು ಅಧಿಕಾರಿ.

"ಹೌದು."

"ಅಪಘಾತಕ್ಕೆ ಮುಂಚೆ ನೀವು ಎಚ್ಚರಿಕೆ ಕೊಟ್ಟಿದ್ರಿ."

ವಕೀಲರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಸರಿಯಾಗಿ ನೆನಪಿಲ್ಲ ಅನ್ನಬೇಕು ಅಂತ ಬೆಳಗ್ಗೆಯೇ ಹೇಳಿಕೊಟ್ಟಿದ್ದರು.

"ಇಲ್ಲ," ಅಂದೆ. "ಮುಂಚೆ ಒಂದು ಸಲಾನೂ ಹೇಳಿಲ್ಲ. ಹೇಳಬೇಕು ಅಂತ ಅನ್ನಿಸಿಯೇ ಇರಲಿಲ್ಲ. ದಿನಾ ಹೋಗ್ತಿದ್ಲು, ದಿನಾ ಬರ್ತಿದ್ಲು. ಅಷ್ಟು ಜನ ಇವಳನ್ನ ನೋಡ್ಕೊಂಡೇ ಗಾಡಿ ಓಡಿಸ್ತಿದ್ರು. ಆ ರಾಶಿ ಬಟ್ಟೆ ಎಲ್ಲ ನಾನು ಆಮೇಲೆ ತಂದಿದ್ದು. ಆವತ್ತು ನಾನು ಹೇಳಿದ್ದು ಸುಳ್ಳು."

"ಸುಳ್ಳು ಯಾಕೆ ಹೇಳಿದ್ರಿ?"

"ಸಿಟ್ಟು."

"ಯಾರ ಮೇಲೆ?"

ತಲೆ ಎತ್ತಿದೆ. ಎದುರಿಗೆ ಕಾರಿನವನು ಕೂತಿದ್ದ, ಅದೇ ಇಸ್ತ್ರಿ ಅಂಗಿ. ಸ್ವಲ್ಪ ಇಳಿದುಹೋಗಿದ್ದ. ಚೊಕ್ಕ ಕಣ್ಣುಗಳಿಂದ ಮೇಜು ನೋಡುತ್ತಿದ್ದ. ಈ ಮೂರು ತಿಂಗಳಲ್ಲಿ ಪೊಲೀಸಿನವನು, ವಿಮೆಯವಳು, ವಕೀಲ, ನಾನು, ಎಲ್ಲರೂ ಪ್ರಶ್ನೆ ಕೇಳಿದ್ದೆಲ್ಲ ಇವಳನ್ನೇ. ಅವನನ್ನು ಯಾರೂ ಕೇಳಿರಲಿಲ್ಲ.

"ನೀವು ಎಲ್ಲಿ ನೋಡ್ತಿದ್ರಿ?" ಅಂದೆ.

ಅವನ ವಕೀಲ ಎದ್ದು ನಿಂತ. ನಾನು ನಿಲ್ಲಿಸಲಿಲ್ಲ. "ದಿನಾ ಜನರ ಕಣ್ಣು ನೋಡೋಳು ನಾನು. ನಿಮ್ಮ ಕಣ್ಣಲ್ಲಿ ಏನೂ ಇಲ್ಲ ಅಂತ ಬರೆದುಕೊಟ್ಟಿದಾರೆ. ಹಾಗಿದ್ರೆ ಎಲ್ಲಿ ನೋಡ್ತಿದ್ರಿ? ಇವಳ ಪಕ್ಕದಲ್ಲೇ ದಾಟಿದ್ರಲ್ಲ, ಆಗ ಎಲ್ಲಿತ್ತು ಕಣ್ಣು?"

ಅಧಿಕಾರಿ, ನೀವು ಪ್ರಶ್ನೆ ಕೇಳುವ ಹಾಗಿಲ್ಲ ಅಂದರು. ಮೂಗು ಒರೆಸಿಕೊಂಡರು. ಕರವಸ್ತ್ರ ಮಡಚಿಟ್ಟು, "ಆದ್ರೆ ಪ್ರಶ್ನೆ ಸರಿಯಾಗಿದೆ. ಹೇಳಿ, ಎಲ್ಲಿ ನೋಡ್ತಿದ್ರಿ?" ಅಂದರು.

ಅವನು ವಕೀಲನ ಕಡೆ ನೋಡಲಿಲ್ಲ. "ಬಂಕಿನ ಕಡೆ," ಅಂದ. "ಸಾಲು ಇದೆಯಾ ಅಂತ. ಒಂದು ಜಾಗ ಖಾಲಿ ಇತ್ತು. ಬೇರೆ ಯಾರಾದ್ರೂ ನುಗ್ಗೋಕೆ ಮುಂಚೆ ಅಂತ..." ಅಲ್ಲಿಗೆ ನಿಂತ. "ದಾಟುವಾಗ ಸೈಕಲ್ ಇದೆ ಅಂತ ಗೊತ್ತಿತ್ತು. ಆಮೇಲೆ ಮರೆತುಹೋಯ್ತು."

ಮರೆತುಹೋಯಿತು. ಕಾಣಲಿಲ್ಲ ಅಂತಲ್ಲ.

ತಂಗಿ ಮೊದಲ ಸಲ ಮೇಜು ಗುದ್ದಿದಳು. ನೀರಿನ ಬಾಟಲಿ ಉರುಳಿತು. "ಮೂರು ತಿಂಗಳು," ಅಂದಳು, "ಮೂರು ತಿಂಗಳು ನನ್ನ ಸ್ವೆಟರಿನ ಬಗ್ಗೆ ಮಾತಾಡಿಸಿದ್ರಲ್ಲ ನನ್ನ ಹತ್ರ!" ಅವಳಿಗೆ ಸಿಟ್ಟು ಬರುವುದಿಲ್ಲ ಅಂತ ನಾನು ಬರೆದಿದ್ದೆ ಎಲ್ಲೋ.

ಅವನು ಅತ್ತ. ಅಳಲಿ. ನನಗೆ ಕರುಣೆ ಬರಲಿಲ್ಲ, ಬಾರಿಸಬೇಕು ಅಂತಲೂ ಅನ್ನಿಸಲಿಲ್ಲ. ಬಗ್ಗಿ ಬಾಟಲಿ ಎತ್ತಿಟ್ಟೆ.

ಜೂನ್ 18, ಮಂಗಳವಾರ

ತೀರ್ಮಾನ ಬಂತು. ಪೂರ್ತಿ ತಪ್ಪು ಕಾರಿನವನದ್ದು. ಲೈಸೆನ್ಸ್ ಅಮಾನತು. ಕೇಸು ಮುಂದುವರಿಯುತ್ತೆ. ಬಟ್ಟೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ ಅಂತ ವಕೀಲರು ಓದಿ ಹೇಳಿದರು. ಅವರು ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಮೂಳೆ ಡಾಕ್ಟರು ಸೈಕಲ್ ತುಳಿಯಬಹುದು, ಕಾಲಿಗೆ ಒಳ್ಳೆಯದೇ ಅಂದರಂತೆ. ಅವರನ್ನು ಯಾರು ಕೇಳಿದರು?

ಜುಲೈ 1, ಸೋಮವಾರ

ಇವತ್ತು ಅವಳು ಕೆಲಸಕ್ಕೆ ಹೋದಳು.

ಸೈಕಲ್ಲನ್ನು ಕೆಳಗಿಳಿಸಿಕೊಟ್ಟೆ. ಹತ್ತುವಾಗ ಆ ಕಾಲು ಸರಿಯಾಗಿ ಮಡಚಲಿಲ್ಲ, ವಾಲಿದಳು. ಕೈ ಚಾಚಿದೆ. "ಬಿಡು" ಅಂದಳು. ಬಿಟ್ಟೆ. ಎರಡನೇ ಸಲ ಹತ್ತಿದಳು. ಬೀದಿಯ ತುದಿಯ ತನಕ ಹೋಗುವುದನ್ನು ನೋಡುತ್ತಾ ನಿಂತೆ. ಅವಳನ್ನಲ್ಲ, ಅವಳ ಹಿಂದೆ ಬರುವ ಒಂದೊಂದು ಕಾರಿನ ಗಾಜನ್ನೂ, ಗಾಜಿನ ಹಿಂದಿನ ಮುಖವನ್ನೂ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು. ಒಬ್ಬ ಫೋನು ಹಿಡಿದು ಬರುತ್ತಿದ್ದ. ರಸ್ತೆಗಿಳಿದು ಬಾನೆಟ್ಟಿನ ಮೇಲೆ ಬಡಿದೆ. ಬೈದ. ನಾನೂ ಬೈದೆ, ಅವನಿಗಿಂತ ಚೆನ್ನಾಗಿ. ಫೋನು ಕೆಳಗಿಟ್ಟು ಹೋದ.

ಅಂಗಡಿಗೆ ಹೋದೆ. ಒಬ್ಬ ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ ಗಾಜು ಬದಲಾಯಿಸುತ್ತಿದ್ದೆ, ಫೋನು ಬಂತು.

"ಆಸ್ಪತ್ರೆ ಮುಟ್ಟಿದೆ ಕಣೆ," ಅಂದಳು. ಏದುಸಿರು. ಹಿಂದೆ ಯಾವುದೋ ಮಗು ಚೀರುತ್ತಿತ್ತು. "ಇವತ್ತೊಂದಿನ ಮಾಡಿದೀನಿ. ನಾಳೆಯಿಂದ ಮುಟ್ಟಿದೆ ಅಂತೆಲ್ಲ ಫೋನ್ ಮಾಡಲ್ಲ. ಹೇಳಿದೀನಿ."

ಎಷ್ಟು ಸಿಟ್ಟು ಬಂತು ಅಂದರೆ, ಮುದುಕರು "ಏನಾಯ್ತಮ್ಮ?" ಅಂದರು.

"ಸರಿ" ಅಂದೆ, ಫೋನಿಗೆ.